ರ‍್ಯಾಮ್ ತುಂಬಿ ಲಿನಕ್ಸ್ ಸರ್ವರ್ ಕುಸಿದಾಗ: ಸತ್ತ ಪ್ರೋಸೆಸ್ ನೋಡಬೇಡಿ, ಲೆಕ್ಕ ನೋಡಿ

ಡೇಟಾಬೇಸ್ ಇದ್ದಕ್ಕಿದ್ದಂತೆ ನಿಂತುಹೋಗುತ್ತದೆ. ಮತ್ತೊಂದು ಸಲ ಎಸ್‌ಎಸ್‌ಎಚ್ ಲಾಗಿನ್ ಆಗುವುದಕ್ಕೇ ಐದು ನಿಮಿಷ ಬೇಕಾಗುತ್ತದೆ. ಇನ್ನೊಂದು ಸಲ ಇಡೀ ಮೆಷಿನ್ ತಾನಾಗಿಯೇ ರೀಬೂಟ್ ಆಗಿ, ಏನೂ ನಡೆದಿಲ್ಲ ಎಂಬಂತೆ ಮತ್ತೆ ಎದ್ದಿರುತ್ತದೆ. ನೋಡಲು ಬೇರೆ ಬೇರೆ ದೋಷಗಳಂತೆ ಕಂಡರೂ, ಇವೆಲ್ಲದರ ಹಿಂದೆ ಒಂದೇ ಕಾರಣ ಇರಬಹುದು: ಮೆಮೊರಿ ಮುಗಿದಿದೆ.

ಇಂಥ ಹೊತ್ತಿನಲ್ಲಿ ಹೆಚ್ಚಿನವರು ಎರಡು ಕೆಲಸ ಮಾಡುತ್ತಾರೆ. ಸತ್ತ ಸರ್ವಿಸನ್ನು ರೀಸ್ಟಾರ್ಟ್ ಮಾಡುತ್ತಾರೆ, ಆಮೇಲೆ ರ‍್ಯಾಮ್ ದುಪ್ಪಟ್ಟು ಮಾಡಿಸುತ್ತಾರೆ. ಎರಡರಿಂದಲೂ ದೋಷ ಸಿಗುವುದಿಲ್ಲ, ಮುಂದಕ್ಕೆ ಹೋಗುತ್ತದೆ ಅಷ್ಟೇ. ಇದ್ದ ರ‍್ಯಾಮ್ ಎಲ್ಲಿ ಹೋಯಿತು ಎಂಬ ಲೆಕ್ಕ ಮೊದಲು ತಾಳೆಯಾಗಬೇಕು. ಈ ಕೈಪಿಡಿ ಪೂರ್ತಿ ಆ ಲೆಕ್ಕದ್ದೇ.

ಕಮಾಂಡ್ ಮತ್ತು ಫೈಲ್ ಹೆಸರುಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಎಂದಿನಂತೆ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿಕೊಳ್ಳಿ.

ಕರ್ನಲ್ ಯಾಕೆ ಕೊಲ್ಲುತ್ತದೆ

ಪ್ರೋಗ್ರಾಂ ಒಂದು ಗಿಗಾಬೈಟ್ ಮೆಮೊರಿ ಕೇಳಿದರೆ ಲಿನಕ್ಸ್ ಸಾಮಾನ್ಯವಾಗಿ ಸರಿ ಎನ್ನುತ್ತದೆ. ಆದರೆ ಆಗಲೇ ಕೊಡುವುದಿಲ್ಲ. ಪ್ರೋಗ್ರಾಂ ಆ ಜಾಗವನ್ನು ನಿಜಕ್ಕೂ ಮುಟ್ಟಿದಾಗ, ಒಂದೊಂದೇ ಪೇಜ್ (ಮೆಮೊರಿಯ ಸಣ್ಣ ತುಂಡು) ಆಗಿ ರ‍್ಯಾಮ್ ಸಿಗುತ್ತದೆ. ಮದುವೆಗೆ ಸಾವಿರ ಜನರನ್ನು ಕರೆದು, ಎಲ್ಲರೂ ಬರುವುದಿಲ್ಲ ಎಂಬ ಅಂದಾಜಿನಲ್ಲಿ ಏಳುನೂರು ಊಟಕ್ಕೆ ಹೇಳಿದ ಹಾಗೆ. ಇದಕ್ಕೆ ಓವರ್‌ಕಮಿಟ್ ಎನ್ನುತ್ತಾರೆ. ಕರೆದವರೆಲ್ಲ ಒಂದೇ ಪಂಕ್ತಿಗೆ ಬಂದು ಕೂತ ದಿನ ತೊಂದರೆ ಶುರು.

ಮೆಮೊರಿ ಸಾಲದೆ ಬಂದಾಗ ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು, ಮೊದಲು ಫೈಲ್ ಕ್ಯಾಶ್ (ಓದಿದ ಫೈಲ್‌ಗಳ ರ‍್ಯಾಮ್ ನಕಲು) ಬಿಟ್ಟುಕೊಡುತ್ತದೆ, ಸ್ವಾಪ್ (ರ‍್ಯಾಮ್‌ಗೆ ಬದಲಾಗಿ ಬಳಸುವ ಡಿಸ್ಕ್ ಜಾಗ) ಇದ್ದರೆ ಅದಕ್ಕೆ ಪೇಜ್‌ಗಳನ್ನು ಸಾಗಿಸುತ್ತದೆ. ಏನು ಮಾಡಿದರೂ ಜಾಗ ಸಿಗದಿದ್ದರೆ ಒಂದು ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಂ) ಆರಿಸಿ ಕೊಲ್ಲುತ್ತದೆ. ಅದೇ ಓಓಎಂ (ಔಟ್ ಆಫ್ ಮೆಮೊರಿ) ಕಿಲ್ಲರ್. ಯಾರನ್ನು ಆರಿಸುತ್ತದೆ ಎಂಬುದು ಮುಖ್ಯ. ಆ ಕ್ಷಣದಲ್ಲಿ ಯಾರ ಹತ್ತಿರ ಜಾಸ್ತಿ ಮೆಮೊರಿ ಇದೆಯೋ ಅವರನ್ನು. ರ‍್ಯಾಮ್‌ನಲ್ಲಿರುವ ಪೇಜ್, ಸ್ವಾಪ್‌ಗೆ ಹೋದದ್ದು, ಯಾವ ಪೇಜ್ ಎಲ್ಲಿದೆ ಎಂದು ಬರೆದಿಡುವ ಪೇಜ್ ಟೇಬಲ್‌ಗಳು, ಇಷ್ಟನ್ನು ಕೂಡಿ ಅಂಕ ಕೊಡುತ್ತದೆ. ತಪ್ಪು ಯಾರದ್ದು ಎಂದು ಅದು ಕೇಳುವುದೇ ಇಲ್ಲ. ಅದಕ್ಕೇ ಇಷ್ಟೊಂದು ಸಲ ಡೇಟಾಬೇಸ್ ಸಾಯುವುದು. ಸರ್ವರ್‌ನಲ್ಲಿ ಅತಿ ದೊಡ್ಡದಾಗಿ ಕೂತಿರುವುದು ಅದೇ ಅಲ್ವಾ?

ಮೊದಲು ಸಾಕ್ಷಿ ಉಳಿಸಿಕೊಳ್ಳಿ

ಮೆಷಿನ್ ರೀಬೂಟ್ ಆಗಿದ್ದರೆ ಹಿಂದಿನ ಬೂಟ್‌ನ ಕರ್ನಲ್ ಲಾಗ್ ಬೇಕು. ‘ಜರ್ನಲ್‌ಸಿಟಿಎಲ್ -ಕೆ -ಬಿ -1’ ಕೊಟ್ಟರೆ ಅದು ಬರುತ್ತದೆ. ಬರದಿದ್ದರೆ ‘/ವಾರ್/ಲಾಗ್/ಜರ್ನಲ್’ ಎಂಬ ಡೈರೆಕ್ಟರಿ ಇದೆಯೇ ನೋಡಿ. ಡೀಫಾಲ್ಟ್ ಸೆಟ್ಟಿಂಗ್‌ನಲ್ಲಿ ಅದು ಇಲ್ಲದಿದ್ದರೆ ಲಾಗ್ ರ‍್ಯಾಮ್‌ನಲ್ಲೇ ಇರುತ್ತದೆ, ರೀಬೂಟ್ ಆದಾಗ ಹೋಗುತ್ತದೆ. ಆ ಡೈರೆಕ್ಟರಿ ಸೃಷ್ಟಿಸಿ ಜರ್ನಲ್ ಸರ್ವಿಸ್ ರೀಸ್ಟಾರ್ಟ್ ಮಾಡಿ. ಈ ಸಲದ ಸಾಕ್ಷಿ ಹೋಯಿತು, ಮುಂದಿನ ಸಲದ್ದು ಉಳಿಯುತ್ತದೆ. ರೆಡ್ ಹ್ಯಾಟ್ ಬಳಗದಲ್ಲಿ ‘/ವಾರ್/ಲಾಗ್/ಮೆಸೇಜಸ್’, ಡೆಬಿಯನ್ ಬಳಗದಲ್ಲಿ ‘ಕರ್ನ್.ಲಾಗ್’ ಕೂಡ ನೋಡಿ.

ಮೆಮೊರಿ ಸಂಕಟದಲ್ಲಿರುವ ಮೆಷಿನ್ ತನ್ನ ಕೊನೆಯ ಸಾಲುಗಳನ್ನು ಡಿಸ್ಕ್‌ಗೆ ಬರೆಯಲಾಗದೇ ಸಾಯುವುದುಂಟು. ಹಾಗಾದಾಗ ಕ್ಲೌಡ್ ಪ್ಯಾನೆಲ್‌ನಲ್ಲಿ ಸೀರಿಯಲ್ ಕನ್ಸೋಲ್ ಲಾಗ್ ಸಿಗುತ್ತದೆಯೇ ಹುಡುಕಿ. ಸ್ವಂತ ಹಾರ್ಡ್‌ವೇರ್ ಆದರೆ ‘ನೆಟ್‌ಕನ್ಸೋಲ್’ ಹಾಕಿ, ಕರ್ನಲ್ ಸಂದೇಶಗಳು ಪಕ್ಕದ ಇನ್ನೊಂದು ಮೆಷಿನ್‌ಗೆ ಹೋಗುವಂತೆ ಮಾಡಿಕೊಳ್ಳಬಹುದು. ‘/ಸಿಸ್/ಎಫ್‌ಎಸ್/ಪಿಸ್ಟೋರ್’ ಒಳಗೂ ಒಮ್ಮೆ ಕಣ್ಣಾಡಿಸಿ. ಪ್ಯಾನಿಕ್ (ಕರ್ನಲ್ಲೇ ಕೈಚೆಲ್ಲಿ ನಿಲ್ಲುವುದು) ಆಗಿದ್ದರೆ ಕೊನೆಯ ಸಾಲುಗಳು ಅಲ್ಲಿ ಉಳಿದಿರಬಹುದು.

ಪ್ಯಾನಿಕ್ ಎಂದಾಗ ಒಂದು ವಿಷಯ. ಮೆಮೊರಿ ಮುಗಿದರೆ ಲಿನಕ್ಸ್ ಸಾಮಾನ್ಯವಾಗಿ ರೀಬೂಟ್ ಆಗುವುದಿಲ್ಲ, ಪ್ರೋಸೆಸ್ ಕೊಂದು ಮುಂದುವರಿಯುತ್ತದೆ. ರೀಬೂಟ್ ಆಯಿತು ಎಂದರೆ ಯಾರೋ ಹಾಗೆ ಸೆಟ್ ಮಾಡಿರಬಹುದು. ‘ಸಿಸ್‌ಸಿಟಿಎಲ್ ವಿಎಂ.ಪ್ಯಾನಿಕ್_ಆನ್_ಓಓಎಂ’ ನೋಡಿ. 0 ಇದ್ದರೆ ಕೊಲ್ಲುತ್ತದೆ. 1 ಅಥವಾ 2 ಇದ್ದರೆ ಪ್ಯಾನಿಕ್ ಆಗುತ್ತದೆ. ಜೊತೆಗೆ ‘ಕರ್ನಲ್.ಪ್ಯಾನಿಕ್’ 10 ಎಂದಿದ್ದರೆ ಹತ್ತು ಸೆಕೆಂಡ್ ಬಿಟ್ಟು ರೀಬೂಟ್. ಕ್ಲಸ್ಟರ್‌ಗಳಲ್ಲಿ ಬೇಕೆಂದೇ ಹೀಗಿಡುತ್ತಾರೆ, ಅರೆಜೀವ ಮೆಷಿನ್‌ಗಿಂತ ಪೂರ್ತಿ ಬಿದ್ದ ಮೆಷಿನ್ ವಾಸಿ ಎಂದು. ಇದು ಗೊತ್ತಿಲ್ಲದೆ ಪವರ್ ಸಪ್ಲೈ ಬದಲಿಸುತ್ತಾ ಕೂತವರಿದ್ದಾರೆ.

ಹಾಗೆಂದು ಪ್ರತಿ ರೀಬೂಟ್ ಮೆಮೊರಿಯದ್ದಲ್ಲ. ಲಾಗ್‌ನಲ್ಲಿ ‘ಮೆಷಿನ್ ಚೆಕ್’ ಎಂಬ ಸಾಲುಗಳಿದ್ದರೆ, ಸಂಬಂಧವೇ ಇಲ್ಲದ ಪ್ರೋಗ್ರಾಂಗಳು ಒಂದಾದ ಮೇಲೊಂದು ಸೆಗ್‌ಫಾಲ್ಟ್ ಆಗಿ (ತಪ್ಪು ಮೆಮೊರಿ ಮುಟ್ಟಿ) ಸಾಯುತ್ತಿದ್ದರೆ, ರ‍್ಯಾಮ್ ಕಡ್ಡಿಯೇ ಕೆಟ್ಟಿರಬಹುದು. ‘ಮೆಮ್‌ಟೆಸ್ಟ್86+’ ಅನ್ನು ಒಂದು ರಾತ್ರಿ ಓಡಿಸಿ. ಆ ದಾರಿ ಬೇರೆ, ಅದರ ಬಗ್ಗೆ ಇಲ್ಲಿ ಬರೆಯುವುದಿಲ್ಲ.

ಓಓಎಂ ಲಾಗ್ ಓದುವ ಬಗೆ

ಲಾಗ್‌ನಲ್ಲಿ ‘ಇನ್ವೋಕ್ಡ್ ಓಓಎಂ-ಕಿಲ್ಲರ್’ ಎಂಬ ಪದಗಳನ್ನು ಹುಡುಕಿ. ಆ ಸಾಲಿನಿಂದ ಹಿಡಿದು ‘ಔಟ್ ಆಫ್ ಮೆಮೊರಿ: ಕಿಲ್ಡ್ ಪ್ರೋಸೆಸ್’ ಎಂಬ ಸಾಲಿನವರೆಗೆ ಇರುವುದು ಒಂದೇ ವರದಿ. ಎಷ್ಟೋ ಜನ ಕೊನೆಯ ಸಾಲು ಮಾತ್ರ ನೋಡಿ, ಯಾರು ಸತ್ತರು ಎಂದು ಬರೆದುಕೊಂಡು ಎದ್ದುಬಿಡುತ್ತಾರೆ. ಉತ್ತರ ಇರುವುದು ನಡುವಿನ ಆ ಉದ್ದನೆಯ ಭಾಗದಲ್ಲಿ.

ಮೊದಲ ಸಾಲಿನಲ್ಲಿರುವ ಹೆಸರು ಆ ಹೊತ್ತಿಗೆ ಮೆಮೊರಿ ಕೇಳಿ ಸಿಗದೇ ಹೋದ ಪ್ರೋಸೆಸ್‌ನದ್ದು. ಅದು ಪಾಪ ಒಂದೇ ಪೇಜ್ ಕೇಳಿರಬಹುದು. ಅದನ್ನೇ ಅಪರಾಧಿ ಎಂದುಕೊಳ್ಳಬೇಡಿ. ಅದೇ ಸಾಲಿನಲ್ಲಿ ‘ಆರ್ಡರ್=0’ ಎಂದಿದ್ದರೆ ಕೇಳಿದ್ದು ಒಂದು ಪೇಜ್, ಅಂದರೆ ನಿಜಕ್ಕೂ ಮೆಮೊರಿ ಮುಗಿದಿದೆ. ‘ಆರ್ಡರ್=3’ ಎಂದಿದ್ದರೆ ಒಟ್ಟಿಗೆ ಇರುವ ಎಂಟು ಪೇಜ್ ಬೇಕಾಗಿತ್ತು. ಆಗ ಖಾಲಿ ಮೆಮೊರಿ ಸಾಕಷ್ಟಿದ್ದೂ ಅದು ಚೂರುಚೂರಾಗಿರಬಹುದು. ‘/ಪ್ರೊಕ್/ಬಡ್ಡಿಇನ್ಫೋ’ ತೆರೆದರೆ ದೊಡ್ಡ ತುಂಡುಗಳು ಎಷ್ಟು ಉಳಿದಿವೆ ಎಂದು ತಿಳಿಯುತ್ತದೆ.

ಆಮೇಲೆ ‘ಮೆಮ್-ಇನ್ಫೋ’ ಭಾಗ ಬರುತ್ತದೆ. ಇಲ್ಲಿ ‘ಫ್ರೀ ಸ್ವಾಪ್’ ಎಷ್ಟು, ‘ಟೋಟಲ್ ಸ್ವಾಪ್’ ಎಷ್ಟು, ‘ಸ್ಲ್ಯಾಬ್_ಅನ್‌ರಿಕ್ಲೇಮಬಲ್’ ಎಷ್ಟು, ‘ಎಸ್‌ಎಚ್‌ಮೆಮ್’ ಎಷ್ಟು, ‘ಹ್ಯೂಜ್‌ಪೇಜಸ್_ಟೋಟಲ್’ ಎಷ್ಟು ಎಂಬುದನ್ನು ಬರೆದಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತವೆ.

ಈಗ ಮುಖ್ಯವಾದ ಜಾಗ. ಎಲ್ಲ ಪ್ರೋಸೆಸ್‌ಗಳ ಪಟ್ಟಿ, ಒಂದೊಂದು ಸಾಲಿಗೆ ಒಂದೊಂದು. ‘ಟೋಟಲ್_ವಿಎಂ’ ಅಂಕಣ ನೋಡಲೇಬೇಡಿ. ಅದು ಕೇಳಿದ ಮೆಮೊರಿ, ಬಳಸಿದ್ದಲ್ಲ. ಜಾವಾ, ಗೋ, ಕ್ರೋಮ್ ಇವೆಲ್ಲ ಅಲ್ಲಿ ಭಾರಿ ಅಂಕಿ ತೋರಿಸುತ್ತವೆ, ಅದರಿಂದ ಹೆದರುವ ಕಾರಣವಿಲ್ಲ. ನಮಗೆ ಬೇಕಾದ್ದು ‘ಆರ್‌ಎಸ್‌ಎಸ್’, ನಿಜಕ್ಕೂ ರ‍್ಯಾಮ್‌ನಲ್ಲಿರುವ ಭಾಗ. ಇಲ್ಲೊಂದು ಎಚ್ಚರಿಕೆ: ಈ ಪಟ್ಟಿಯಲ್ಲಿ ಆರ್‌ಎಸ್‌ಎಸ್ ಇರುವುದು ಪೇಜ್‌ಗಳ ಲೆಕ್ಕದಲ್ಲಿ, ಕಿಲೋಬೈಟ್‌ನಲ್ಲಿ ಅಲ್ಲ. ಕೊನೆಯ ‘ಕಿಲ್ಡ್’ ಸಾಲಿನಲ್ಲಿ ಮಾತ್ರ ಕಿಲೋಬೈಟ್. ಒಂದೇ ವರದಿಯಲ್ಲಿ ಎರಡು ಅಳತೆ ಇರುವುದರಿಂದ ಲೆಕ್ಕ ನಾಲ್ಕು ಪಟ್ಟು ತಪ್ಪುತ್ತದೆ. ಇಂಟೆಲ್, ಎಎಂಡಿ ಮೆಷಿನ್‌ಗಳಲ್ಲಿ ಪೇಜ್ ಅಂದರೆ 4 ಕೆಬಿ. ಆರ್ಮ್ ಮೆಷಿನ್ ಆದರೆ ‘ಗೆಟ್‌ಕಾನ್ಫ್ ಪೇಜ್‌ಸೈಜ್’ ಕೊಟ್ಟು ಖಚಿತ ಮಾಡಿಕೊಳ್ಳಿ, ಅಲ್ಲಿ 16 ಅಥವಾ 64 ಕೆಬಿಯೂ ಇರಬಹುದು.

ಒಂದು ಉದಾಹರಣೆ ಲೆಕ್ಕ ಮಾಡೋಣ. 4 ಜಿಬಿ ವರ್ಚುಯಲ್ ಮೆಷಿನ್, ಸ್ವಾಪ್ ಇಲ್ಲ. ಒಳಗೆ ಒಂದು ಪಿಎಚ್‌ಪಿ ವೆಬ್‌ಸೈಟ್, ಅದರ ಮೈಎಸ್‌ಕ್ಯೂಎಲ್ ಡೇಟಾಬೇಸ್. ಡೇಟಾಬೇಸ್ ಸತ್ತಿದೆ. ಪಟ್ಟಿಯಲ್ಲಿ ಅದರ ಆರ್‌ಎಸ್‌ಎಸ್ 2,45,760. ನಾಲ್ಕರಿಂದ ಗುಣಿಸಿ 1024ರಿಂದ ಭಾಗಿಸಿದರೆ 960 ಎಂಬಿ. ಮೆಷಿನ್‌ನ ಕಾಲು ಭಾಗ ಮಾತ್ರ! ಹಾಗಾದರೆ ಉಳಿದದ್ದು? ಪಟ್ಟಿಯಲ್ಲಿ ಕೆಳಗೆ ಇಳಿದರೆ ‘ಪಿಎಚ್‌ಪಿ-ಎಫ್‌ಪಿಎಂ’ ಎಂಬ ಹೆಸರಿನ ನಲವತ್ತು ಸಾಲುಗಳಿವೆ. ಒಂದೊಂದರ ಆರ್‌ಎಸ್‌ಎಸ್ ಸುಮಾರು 15,360, ಅಂದರೆ 60 ಎಂಬಿ. ನಲವತ್ತಕ್ಕೆ 2,400 ಎಂಬಿ. ಒಂದೊಂದಾಗಿ ನೋಡಿದರೆ ಯಾವುದೂ ದೊಡ್ಡದಲ್ಲ. ಅದಕ್ಕೇ ಓಓಎಂ ಕಿಲ್ಲರ್ ಅವುಗಳ ತಂಟೆಗೆ ಹೋಗಲಿಲ್ಲ. ಕೂಡಿದಾಗ ಡೇಟಾಬೇಸ್‌ನ ಎರಡೂವರೆ ಪಟ್ಟು.

ಆದ್ದರಿಂದ ಪಟ್ಟಿಯನ್ನು ಪ್ರೋಸೆಸ್ ಲೆಕ್ಕದಲ್ಲಿ ಅಲ್ಲ, ಹೆಸರಿನ ಲೆಕ್ಕದಲ್ಲಿ ಕೂಡಿ. ಒಂದೇ ಹೆಸರಿನವರೆಲ್ಲ ಒಂದು ಗುಂಪು. ಈ ಒಂದು ಕೆಲಸ ಮಾಡಿದರೆ ವೆಬ್ ಸರ್ವರ್‌ಗಳ ಓಓಎಂ ಬಹುಪಾಲು ಅಲ್ಲೇ ಬಗೆಹರಿಯುತ್ತದೆ ಎಂಬುದು ನನ್ನ ಅನುಭವ.

ಒಂದು ಸೂಕ್ಷ್ಮ ಇದೆ. ಆರ್‌ಎಸ್‌ಎಸ್ ಹಂಚಿಕೊಂಡ ಪೇಜ್‌ಗಳನ್ನು ಪ್ರತಿಯೊಬ್ಬರ ಹೆಸರಿನಲ್ಲೂ ಎಣಿಸುತ್ತದೆ. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಂಥ ಡೇಟಾಬೇಸ್‌ನಲ್ಲಿ ಶೇರ್ಡ್ ಬಫರ್ ಒಂದೇ ಆದರೂ ಅದನ್ನು ಮುಟ್ಟಿದ ಪ್ರತಿ ಪ್ರೋಸೆಸ್ ಲೆಕ್ಕಕ್ಕೂ ಸೇರುತ್ತದೆ. ಕೂಡಿದಾಗ ಮೊತ್ತ ಮೆಷಿನ್‌ನ ರ‍್ಯಾಮ್‌ಗಿಂತಲೂ ಜಾಸ್ತಿ ಬರಬಹುದು. ಓಡುತ್ತಿರುವ ಮೆಷಿನ್‌ನಲ್ಲಾದರೆ ‘ಸ್ಮೆಮ್’ ಎಂಬ ಟೂಲ್ ಹಾಕಿಕೊಂಡು ‘ಪಿಎಸ್‌ಎಸ್’ ಅಂಕಣ ನೋಡಿ. ಹಂಚಿಕೊಂಡ ಪೇಜನ್ನು ಅದು ಹಂಚಿಕೊಂಡವರ ಸಂಖ್ಯೆಯಿಂದ ಭಾಗಿಸಿಯೇ ಎಣಿಸುತ್ತದೆ.

ಪ್ರೋಸೆಸ್‌ಗಳ ಮೊತ್ತ ತಾಳೆಯಾಗದಿದ್ದರೆ

8 ಜಿಬಿ ಮೆಷಿನ್. ಎಲ್ಲ ಪ್ರೋಸೆಸ್ ಕೂಡಿದರೂ 2 ಜಿಬಿ ದಾಟುವುದಿಲ್ಲ. ಆದರೂ ಓಓಎಂ. ಇಂಥ ಕೇಸ್‌ಗಳಲ್ಲಿ ‘ಟಾಪ್’ ಎಷ್ಟು ಹೊತ್ತು ನೋಡಿದರೂ ಏನೂ ಸಿಗುವುದಿಲ್ಲ. ಮೆಮೊರಿ ತಿಂದಿರುವುದು ಪ್ರೋಸೆಸ್ ಅಲ್ಲವೇ ಅಲ್ಲ.

‘/ಪ್ರೊಕ್/ಮೆಮ್‌ಇನ್ಫೋ’ ತೆರೆಯಿರಿ. ಮೊದಲು ‘ಎಸ್‌ಎಚ್‌ಮೆಮ್’ ಸಾಲು. ಇದು ದೊಡ್ಡದಿದ್ದರೆ ‘ಟಿಎಂಪಿಎಫ್‌ಎಸ್’ ಒಳಗೆ ಫೈಲ್‌ಗಳು ತುಂಬಿವೆ ಎಂದು ಅನುಮಾನಿಸಿ. ‘/ಡೆವ್/ಎಸ್‌ಎಚ್‌ಎಂ’, ಕೆಲವು ಡಿಸ್ಟ್ರೋಗಳಲ್ಲಿ ‘/ಟಿಎಂಪಿ’ ಕೂಡ, ಡಿಸ್ಕ್‌ನಲ್ಲಿ ಅಲ್ಲ, ರ‍್ಯಾಮ್‌ನಲ್ಲೇ ಇರುತ್ತವೆ. ಮಿತಿ ಹೇಳದಿದ್ದರೆ ಒಂದೊಂದು ಟಿಎಂಪಿಎಫ್‌ಎಸ್ ರ‍್ಯಾಮ್‌ನ ಅರ್ಧದವರೆಗೆ ಬೆಳೆಯಬಹುದು. ಬ್ಯಾಕಪ್ ಸ್ಕ್ರಿಪ್ಟ್ ದಿನವೂ ಒಂದು ಡಂಪ್ ಫೈಲನ್ನು ಅಲ್ಲಿ ಬಿಟ್ಟುಹೋದರೆ ಸಾಕು. ಈ ದೋಷಕ್ಕೆ ಒಂದು ಗುರುತು ಇದೆ: ಓಓಎಂ ಕಿಲ್ಲರ್ ಒಂದನ್ನು ಕೊಂದು ನಿಲ್ಲುವುದಿಲ್ಲ, ಸಾಲಾಗಿ ಕೊಲ್ಲುತ್ತಾ ಹೋಗುತ್ತದೆ. ಯಾಕೆಂದರೆ ಪ್ರೋಸೆಸ್ ಸತ್ತರೂ ಟಿಎಂಪಿಎಫ್‌ಎಸ್‌ನ ಫೈಲ್ ಅಳಿಯುವುದಿಲ್ಲ, ಮೆಮೊರಿ ವಾಪಸ್ ಬರುವುದಿಲ್ಲ. ‘ಡಿಎಫ್ -ಎಚ್ -ಟಿ ಟಿಎಂಪಿಎಫ್‌ಎಸ್’ ಕೊಟ್ಟರೆ ಯಾವುದು ತುಂಬಿದೆ ಎಂದು ಕಾಣುತ್ತದೆ. ಅಲ್ಲಿ ತುಂಬಿದೆ ಎಂದು ತೋರಿಸಿ ಒಳಗೆ ಫೈಲೇ ಇಲ್ಲದಿದ್ದರೆ, ಅಳಿಸಿದ ಫೈಲನ್ನು ಯಾವುದೋ ಪ್ರೋಗ್ರಾಂ ಇನ್ನೂ ತೆರೆದಿಟ್ಟಿದೆ. ‘ಎಲ್‌ಎಸ್‌ಓಎಫ್ +ಎಲ್1’ ಅದನ್ನು ಹಿಡಿದುಕೊಡುತ್ತದೆ. ಹಳೆಯ ಡೇಟಾಬೇಸ್‌ಗಳು ಬಿಟ್ಟುಹೋದ ಶೇರ್ಡ್ ಮೆಮೊರಿ ತುಂಡುಗಳಿಗೆ ‘ಐಪಿಸಿಎಸ್ -ಎಂ’.

ಮುಂದಿನದು ‘ಎಸ್‌ಅನ್‌ರಿಕ್ಲೇಮ್’. ಕರ್ನಲ್ ತನ್ನ ಸ್ವಂತ ಕೆಲಸಕ್ಕೆ ಇಟ್ಟುಕೊಂಡು, ಬಿಟ್ಟುಕೊಡಲಾಗದ ಮೆಮೊರಿ ಇದು. ಪಕ್ಕದಲ್ಲೇ ‘ಎಸ್‌ರಿಕ್ಲೇಮಬಲ್’ ದೊಡ್ಡದಿದ್ದರೆ ಚಿಂತೆ ಬೇಡ. ಲಕ್ಷಗಟ್ಟಲೆ ಫೈಲ್ ಓದಿದ ಮೆಷಿನ್‌ನಲ್ಲಿ ಅದು ಹಾಗೇ ಇರುತ್ತದೆ, ಬೇಕಾದಾಗ ಕರಗುತ್ತದೆ. ಅನ್‌ರಿಕ್ಲೇಮ್ ಮಾತ್ರ ದಿನದಿನಕ್ಕೆ ಏರುತ್ತಿದ್ದರೆ ಕರ್ನಲ್ ಒಳಗೇ ಸೋರಿಕೆ. ‘ಸ್ಲ್ಯಾಬ್‌ಟಾಪ್ -ಎಸ್ ಸಿ’ ಕೊಟ್ಟು ಯಾವ ಹೆಸರು ಮೇಲಿದೆ ನೋಡಿ. ‘ಕೆಮ್ಯಾಲಾಕ್’ ಎಂದು ಶುರುವಾಗುವ ಯಾವುದೋ ಒಂದು ನಿಲ್ಲದೇ ಬೆಳೆಯುತ್ತಿದ್ದರೆ, ಹೊರಗಿನಿಂದ ಹಾಕಿದ ಡ್ರೈವರ್ ಅಥವಾ ಸೆಕ್ಯುರಿಟಿ ಏಜೆಂಟ್‌ನ ಕರ್ನಲ್ ಮಾಡ್ಯೂಲ್ ಕಡೆ ನೋಡಿ. ಅದನ್ನು ತೆಗೆದು ಕೆಲವು ದಿನ ಅದೇ ಅಂಕಿ ಬರೆದಿಡುವುದೇ ಸರಿಯಾದ ಪರೀಕ್ಷೆ.

ಇನ್ನು ಹ್ಯೂಜ್ ಪೇಜ್, ಅಂದರೆ ದೊಡ್ಡ ಗಾತ್ರದ ಪೇಜ್‌ಗಳು. ‘ಹ್ಯೂಜ್‌ಪೇಜಸ್_ಟೋಟಲ್’ 2048, ಸೈಜ್ 2 ಎಂಬಿ ಎಂದಿದ್ದರೆ 4 ಜಿಬಿ ಆಗಲೇ ಮೀಸಲಾಗಿದೆ. ಯಾರೂ ಬಳಸದಿದ್ದರೂ ಬೇರೆಯವರಿಗೆ ಸಿಗುವುದಿಲ್ಲ. ದೊಡ್ಡ ಮೆಷಿನ್‌ಗೆ ಬರೆದ ‘ಸಿಸ್‌ಸಿಟಿಎಲ್’ ಫೈಲನ್ನು ಸಣ್ಣ ಮೆಷಿನ್‌ಗೆ ನಕಲು ಮಾಡಿದಾಗ ಹೀಗಾಗುತ್ತದೆ. ‘ಪೇಜ್‌ಟೇಬಲ್ಸ್’ ಸಾಲು ಗಿಗಾಬೈಟ್‌ಗೆ ಹೋಗಿದ್ದರೆ, ನೂರಾರು ಪ್ರೋಸೆಸ್‌ಗಳು ಒಂದೇ ದೊಡ್ಡ ಶೇರ್ಡ್ ಮೆಮೊರಿಗೆ ತಮ್ಮದೇ ಮ್ಯಾಪ್ ಇಟ್ಟುಕೊಂಡಿವೆ ಎಂದರ್ಥ. ಅಲ್ಲಿ ಹ್ಯೂಜ್ ಪೇಜ್‌ಗಳೇ ಔಷಧಿ.

ಈಗ ಕೂಡಿ ನೋಡಿ: ಮೆಮ್‌ಫ್ರೀ, ಬಫರ್ಸ್, ಕ್ಯಾಶ್ಡ್, ಅನಾನ್‌ಪೇಜಸ್, ಸ್ಲ್ಯಾಬ್, ಕರ್ನಲ್‌ಸ್ಟ್ಯಾಕ್, ಪೇಜ್‌ಟೇಬಲ್ಸ್, ಹ್ಯೂಜ್ ಪೇಜ್‌ಗಳು. ಎಸ್‌ಎಚ್‌ಮೆಮ್ ಅನ್ನು ಬೇರೆಯಾಗಿ ಸೇರಿಸಬೇಡಿ, ಅದು ಕ್ಯಾಶ್ಡ್ ಒಳಗೇ ಇದೆ. ಮೊತ್ತ ‘ಮೆಮ್‌ಟೋಟಲ್’ ಹತ್ತಿರ ಬರಬೇಕು. ಕೆಲವು ನೂರು ಎಂಬಿ ವ್ಯತ್ಯಾಸ ಸಹಜ. ಗಿಗಾಬೈಟ್‌ಗಟ್ಟಲೆ ಕಾಣೆಯಾಗಿದ್ದರೆ ಮೂರು ಕಡೆ ಹುಡುಕಿ. ಝಡ್‌ಎಫ್‌ಎಸ್ ಫೈಲ್ ಸಿಸ್ಟಂ ಬಳಸುತ್ತಿದ್ದರೆ ಅದರ ‘ಏಆರ್‌ಸಿ’ ಕ್ಯಾಶ್ ಮಾಮೂಲಿ ಕ್ಯಾಶ್ ಲೆಕ್ಕಕ್ಕೆ ಬರುವುದಿಲ್ಲ. ವರ್ಚುಯಲ್ ಮೆಷಿನ್ ಆದರೆ ಬಲೂನ್ ಡ್ರೈವರ್ ಒಳಗಿನ ಮೆಮೊರಿಯನ್ನು ಹೋಸ್ಟ್‌ಗೆ (ಅದನ್ನು ಓಡಿಸುವ ನಿಜವಾದ ಮೆಷಿನ್‌ಗೆ) ವಾಪಸ್ ಕೊಟ್ಟಿರಬಹುದು. ಒಳಗೆ ಅದು ಬಳಕೆಯಾದಂತೆ ಕಾಣುತ್ತದೆ, ಯಾರ ಹೆಸರೂ ಇರುವುದಿಲ್ಲ. ಮೂರನೆಯದು, ಪೇಜ್‌ಗಳನ್ನು ನೇರವಾಗಿ ಪಡೆಯುವ ಗ್ರಾಫಿಕ್ಸ್ ಅಥವಾ ನೆಟ್‌ವರ್ಕ್ ಡ್ರೈವರ್‌ಗಳು.

ಲಾಗ್‌ನಲ್ಲಿ ಓಓಎಂ ಸಾಲೇ ಇಲ್ಲ

ಮೆಷಿನ್ ಹ್ಯಾಂಗ್ ಆಗಿತ್ತು, ಪವರ್ ಬಟನ್ ಒತ್ತಿ ಎಬ್ಬಿಸಿದ್ದಾಯಿತು, ಲಾಗ್‌ನಲ್ಲಿ ಕೊಂದ ಗುರುತಿಲ್ಲ. ಹಾಗೆಂದು ಮೆಮೊರಿಯನ್ನು ಪಟ್ಟಿಯಿಂದ ತೆಗೆದುಹಾಕಬೇಡಿ. ಓಓಎಂ ಕಿಲ್ಲರ್ ಬರುವುದು ಬಹಳ ತಡವಾಗಿ. ಅದಕ್ಕೂ ಮೊದಲು ಕರ್ನಲ್ ಪೇಜ್‌ಗಳನ್ನು ಸ್ವಾಪ್‌ಗೆ ಹಾಕುವುದು, ಮತ್ತೆ ತರುವುದು, ಇದರಲ್ಲೇ ಸಿಕ್ಕಿಬಿದ್ದಿರಬಹುದು. ‘ವಿಎಂಸ್ಟ್ಯಾಟ್ 1’ ಓಡಿಸಿ ‘ಎಸ್‌ಐ’, ‘ಎಸ್‌ಓ’ ಅಂಕಣ ನೋಡಿ. ಎರಡೂ ಸೆಕೆಂಡಿಗೆ ಸಾವಿರಗಟ್ಟಲೆ ತೋರಿಸುತ್ತಾ ಇದ್ದರೆ ಮೆಷಿನ್ ಕೆಲಸ ಮಾಡುತ್ತಿಲ್ಲ, ಮೆಮೊರಿ ಹೊರುತ್ತಿದೆ.

ಸ್ವಾಪ್ ತೆಗೆದುಹಾಕಿದರೆ ಈ ತೊಂದರೆ ಇರುವುದಿಲ್ಲ ಎಂಬ ನಂಬಿಕೆ ತುಂಬಾ ಜನರಲ್ಲಿದೆ. ಅದು ನಿಜವಲ್ಲ. ಸ್ವಾಪ್ ಇಲ್ಲದಿದ್ದಾಗ ಕರ್ನಲ್ ಬಿಟ್ಟುಕೊಡಬಹುದಾದದ್ದು ಫೈಲ್ ಪೇಜ್‌ಗಳನ್ನು ಮಾತ್ರ. ಓಡುತ್ತಿರುವ ಪ್ರೋಗ್ರಾಂಗಳ ಕೋಡ್ ಕೂಡ ಫೈಲ್ ಪೇಜೇ. ಅದನ್ನು ಬಿಟ್ಟು, ಮರುಕ್ಷಣವೇ ಡಿಸ್ಕ್‌ನಿಂದ ಓದಿ, ಮತ್ತೆ ಬಿಡುತ್ತದೆ. ಸ್ವಾಪ್ ಇಲ್ಲದ ಮೆಷಿನ್ ಹ್ಯಾಂಗ್ ಆದಾಗ ಡಿಸ್ಕ್ ಲೈಟ್ ಒಂದೇ ಸಮನೆ ಉರಿಯುತ್ತಿದ್ದರೆ, ‘ಬಿಐ’ ಅಂಕಣ ಮಾತ್ರ ಏರಿದ್ದರೆ, ನಡೆಯುತ್ತಿರುವುದು ಇದೇ.

ಇದನ್ನು ಅಳೆಯಲು ಈಗ ಒಳ್ಳೆಯ ದಾರಿ ಇದೆ. ಕರ್ನಲ್ 4.20ರಿಂದ ‘/ಪ್ರೊಕ್/ಪ್ರೆಷರ್/ಮೆಮೊರಿ’ ಎಂಬ ಫೈಲ್ ಬಂದಿದೆ. ‘ಫುಲ್’ ಸಾಲಿನ ‘ಎವಿಜಿ10’ ಅಂಕಿ, ಕಳೆದ ಹತ್ತು ಸೆಕೆಂಡಿನಲ್ಲಿ ಕೆಲಸ ಇದ್ದೂ ಎಲ್ಲರೂ ಮೆಮೊರಿಗಾಗಿ ಕಾಯುತ್ತಾ ನಿಂತ ಸಮಯ ಶೇಕಡಾ ಎಷ್ಟು ಎಂದು ಹೇಳುತ್ತದೆ. ಆರೋಗ್ಯವಾಗಿರುವ ಸರ್ವರ್‌ನಲ್ಲಿ ಅದು ಸೊನ್ನೆಯ ಹತ್ತಿರ. ಖಾಲಿ ಮೆಮೊರಿ ಎಷ್ಟು ಎಂಬ ಅಂಕಿಗಿಂತ ನಾನು ಇದನ್ನೇ ಜಾಸ್ತಿ ನಂಬುತ್ತೇನೆ.

ಹ್ಯಾಂಗ್ ಆದ ಮೆಷಿನ್ ಎದುರಿಗೇ ಇದ್ದರೆ ಆಲ್ಟ್, ಸಿಸ್‌ಆರ್‌ಕ್ಯೂ, ಎಫ್ ಒಟ್ಟಿಗೆ ಒತ್ತಿ ಓಓಎಂ ಕಿಲ್ಲರನ್ನು ಕೈಯಿಂದಲೇ ಕರೆಯಬಹುದು. ಉಬುಂಟುವಿನ ಡೀಫಾಲ್ಟ್ ‘ಕರ್ನಲ್.ಸಿಸ್‌ಆರ್‌ಕ್ಯೂ’ 176; ಅದರಲ್ಲಿ ಈ ಅನುಮತಿ ಇಲ್ಲ. 64 ಸೇರಿಸಿ 240 ಮಾಡಿಟ್ಟುಕೊಳ್ಳಿ.

ಇನ್ನೆರಡು ಸಾಧ್ಯತೆ ಮರೆಯಬೇಡಿ. ಡೆಸ್ಕ್‌ಟಾಪ್‌ನಲ್ಲಿ, ಫೆಡೋರಾ 34ರಿಂದ ಮತ್ತು ಉಬುಂಟು 22.04ರಿಂದ, ‘ಸಿಸ್ಟಂಡಿ-ಓಓಎಂಡಿ’ ಎಂಬ ಸರ್ವಿಸ್ ಕರ್ನಲ್‌ಗಿಂತ ಮೊದಲೇ ಕೊಲ್ಲುತ್ತದೆ. ಅದರ ಮಾತು ಕರ್ನಲ್ ಲಾಗ್‌ನಲ್ಲಿ ಇರುವುದಿಲ್ಲ, ‘ಜರ್ನಲ್‌ಸಿಟಿಎಲ್ -ಯು ಸಿಸ್ಟಂಡಿ-ಓಓಎಂಡಿ’ ಕೊಡಬೇಕು. ಎರಡನೆಯದು, ನಿಮ್ಮದು ವರ್ಚುಯಲ್ ಮೆಷಿನ್ ಆಗಿದ್ದು ಲಾಗ್ ವಾಕ್ಯದ ನಡುವೆಯೇ ತುಂಡಾದಂತೆ ನಿಂತಿದ್ದರೆ, ಮೆಮೊರಿ ಮುಗಿದದ್ದು ಹೋಸ್ಟ್‌ನಲ್ಲಿ ಇರಬಹುದು. ಹೋಸ್ಟ್‌ನ ಓಓಎಂ ಕಿಲ್ಲರ್‌ಗೆ ನಿಮ್ಮ ಇಡೀ ಸರ್ವರ್ ಬರೀ ಒಂದು ‘ಕ್ಯೂಇಎಂಯು’ (ವರ್ಚುಯಲ್ ಮೆಷಿನ್ ಓಡಿಸುವ ಪ್ರೋಗ್ರಾಂ) ಪ್ರೋಸೆಸ್. ಒಳಗೆ ಎಷ್ಟು ಹುಡುಕಿದರೂ ಉತ್ತರ ಸಿಗದು, ಹೋಸ್ಟ್ ನೋಡಿಕೊಳ್ಳುವವರ ಹತ್ತಿರ ಆ ಸಮಯದ ಲಾಗ್ ಕೇಳಿ.

ಕಂಟೇನರ್ ಒಳಗೆ

‘ಮೆಮೊರಿ ಸಿಗ್ರೂಪ್ ಔಟ್ ಆಫ್ ಮೆಮೊರಿ’ ಎಂದು ಲಾಗ್‌ನಲ್ಲಿದ್ದರೆ ಮೆಷಿನ್‌ನ ಮೆಮೊರಿ ಮುಗಿದಿಲ್ಲ, ಆ ಪ್ರೋಸೆಸ್ ಗುಂಪಿಗೆ (ಸಿಗ್ರೂಪ್) ಹಾಕಿದ ಮಿತಿ ಮುಗಿದಿದೆ. ಕಂಟೇನರ್ 137 ಎಂಬ ಕೋಡ್ ಕೊಟ್ಟು ನಿಲ್ಲುತ್ತದೆ. 128ಕ್ಕೆ ಸಿಗ್ನಲ್ 9 ಸೇರಿಸಿದ್ದು. ಆದರೆ 137 ಕಂಡ ಕೂಡಲೇ ಓಓಎಂ ಎಂದು ತೀರ್ಮಾನಿಸಬೇಡಿ, ಬೇರೆ ಯಾರು 9 ಕಳಿಸಿದರೂ ಅದೇ ಕೋಡ್. ‘ಮೆಮೊರಿ.ಇವೆಂಟ್ಸ್’ ಫೈಲ್‌ನಲ್ಲಿ ‘ಓಓಎಂ_ಕಿಲ್’ ಎಣಿಕೆ ಏರಿದೆಯೇ ನೋಡಿ. ಇನ್ನೊಂದು: ಕಂಟೇನರ್ ಒಳಗೆ ‘ಫ್ರೀ’ ಕೊಟ್ಟರೆ ಸಾಮಾನ್ಯವಾಗಿ ಇಡೀ ಹೋಸ್ಟ್‌ನ ಅಂಕಿ ಬರುತ್ತದೆ. ಅದನ್ನು ನಂಬಿ ತನ್ನ ಗಾತ್ರ ನಿರ್ಧರಿಸುವ ಹಳೆಯ ಪ್ರೋಗ್ರಾಂಗಳು ಮಿತಿ ದಾಟಿ ಸಾಯುತ್ತವೆ.

ಸೋರಿಕೆಯೋ, ಒಮ್ಮೆಲೇ ಏರಿದ್ದೋ

ಯಾರು ತಿಂದರು ಎಂದು ಗೊತ್ತಾದ ಮೇಲೆ ಹೇಗೆ ತಿಂದರು ಎಂಬ ಪ್ರಶ್ನೆ. ಇದಕ್ಕೆ ಕಾಲದ ದಾಖಲೆ ಬೇಕು. ‘ಸಿಸ್‌ಸ್ಟ್ಯಾಟ್’ ಪ್ಯಾಕೇಜ್ ಹಾಕಿ ಚಾಲೂ ಮಾಡಿದ್ದರೆ ‘ಸಾರ್ -ಆರ್’ ಹಿಂದಿನ ದಿನಗಳನ್ನೂ ತೋರಿಸುತ್ತದೆ. ಇಲ್ಲದಿದ್ದರೆ ನಿಮಿಷಕ್ಕೊಮ್ಮೆ ‘ಪಿಎಸ್’ ಪಟ್ಟಿಯನ್ನು ಆರ್‌ಎಸ್‌ಎಸ್ ಕ್ರಮದಲ್ಲಿ, ಸಮಯದ ಜೊತೆ, ಒಂದು ಫೈಲ್‌ಗೆ ಸೇರಿಸುವ ಕ್ರಾನ್ (ನಿಗದಿತ ಸಮಯಕ್ಕೆ ತಾನಾಗಿ ಓಡುವ) ಕೆಲಸ ಹಾಕಿ. ಸಾಧಾರಣ ಕೆಲಸ ಅನ್ನಿಸುತ್ತದೆ. ಆದರೆ ದುಬಾರಿ ಮಾನಿಟರಿಂಗ್ ಇಲ್ಲದ ಕಡೆ ಇದಕ್ಕಿಂತ ಉಪಯೋಗದ ಸಾಲು ಇನ್ನೊಂದಿಲ್ಲ.

ರೇಖೆ ದಿನಗಟ್ಟಲೆ ಮೆಲ್ಲಗೆ ಏರಿ, ರೀಸ್ಟಾರ್ಟ್ ಮಾಡಿದಾಗ ಬಿದ್ದು, ಮತ್ತೆ ಏರಿದರೆ ಸೋರಿಕೆ. ಸಮತಟ್ಟಾಗಿದ್ದು ಹತ್ತೇ ನಿಮಿಷದಲ್ಲಿ ಜಿಗಿದರೆ ಯಾವುದೋ ಒಂದು ಕೆಲಸ: ತಿಂಗಳ ಕೊನೆಯ ರಿಪೋರ್ಟ್, ಬ್ಯಾಕಪ್, ಮಿತಿಯಿಲ್ಲದ ಒಂದು ಕ್ವೆರಿ. ಜಿಗಿದ ಸಮಯವನ್ನು ಕ್ರಾನ್ ಲಾಗ್ ಮತ್ತು ವೆಬ್ ಆಕ್ಸೆಸ್ ಲಾಗ್ ಪಕ್ಕದಲ್ಲಿಟ್ಟು ನೋಡಿ. ರೆಡಿಸ್ (ರ‍್ಯಾಮ್‌ನಲ್ಲೇ ಡೇಟಾ ಇಡುವ ಡೇಟಾಬೇಸ್) ಇದ್ದರೆ ಅದು ಸ್ನ್ಯಾಪ್‌ಶಾಟ್ ಬರೆಯುವ ಹೊತ್ತನ್ನೂ ನೋಡಿ. ಆಗ ಅದು ತನ್ನದೇ ನಕಲು ಮಾಡಿಕೊಳ್ಳುತ್ತದೆ; ಅದೇ ಸಮಯಕ್ಕೆ ಬರವಣಿಗೆ ಜಾಸ್ತಿ ಇದ್ದರೆ ಬಳಕೆ ದುಪ್ಪಟ್ಟಿನ ಹತ್ತಿರ ಹೋಗಬಹುದು.

ಜಾವಾದವರಿಗೆ ಒಂದು ಮಾತು. ಹೀಪ್ (ಜಾವಾ ತನ್ನ ಆಬ್ಜೆಕ್ಟ್‌ಗಳನ್ನು ಇಡುವ ಜಾಗ) ಗ್ರಾಫ್ ಸಮತಟ್ಟಾಗಿದೆ, ಹಾಗಾಗಿ ನಮ್ಮ ಅಪ್ಲಿಕೇಶನ್ ತಪ್ಪಿಲ್ಲ ಎನ್ನಬೇಡಿ. ಹೀಪ್ ಹೊರಗೆ ಮೆಟಾಸ್ಪೇಸ್, ಥ್ರೆಡ್ ಸ್ಟ್ಯಾಕ್, ಡೈರೆಕ್ಟ್ ಬಫರ್ ಇವೆ. ಕರ್ನಲ್ ಎಣಿಸುವುದು ಎಲ್ಲವನ್ನೂ ಸೇರಿಸಿ. ‘ನೇಟಿವ್ ಮೆಮೊರಿ ಟ್ರ್ಯಾಕಿಂಗ್’ ಚಾಲೂ ಮಾಡಿ ‘ಜೆಸಿಎಂಡಿ’ಯಿಂದ ಕೇಳಿದರೆ ಒಂದೊಂದರ ಪಾಲು ಸಿಗುತ್ತದೆ. ಆ ಮೊತ್ತಕ್ಕೂ ಆರ್‌ಎಸ್‌ಎಸ್‌ಗೂ ತುಂಬಾ ಅಂತರ ಇದ್ದರೆ ‘ಜಿಲಿಬ್‌ಸಿ’ಯ (ಲಿನಕ್ಸ್‌ನ ಮೂಲ ಸಿ ಲೈಬ್ರರಿ) ಅರೀನಾಗಳನ್ನು, ಅಂದರೆ ಥ್ರೆಡ್‌ಗಳಿಗೆ ಮೆಮೊರಿ ಹಂಚಲು ಅದು ಇಟ್ಟುಕೊಳ್ಳುವ ಜಾಗಗಳನ್ನು, ಅನುಮಾನಿಸಿ. 64 ಬಿಟ್ ಮೆಷಿನ್‌ನಲ್ಲಿ ಕೋರ್‌ಗೆ ಎಂಟರವರೆಗೆ ಅರೀನಾ ಹುಟ್ಟುತ್ತವೆ. ಥ್ರೆಡ್ ಜಾಸ್ತಿ ಇರುವ ಯಾವ ಪ್ರೋಗ್ರಾಂನಲ್ಲೂ ಇದು ಸೋರಿಕೆಯಂತೆಯೇ ಕಾಣುತ್ತದೆ. ‘ಮ್ಯಾಲಾಕ್_ಅರೀನಾ_ಮ್ಯಾಕ್ಸ್’ 2 ಎಂದು ಕೊಟ್ಟು ನೋಡಿ.

ಸರಿಪಡಿಸುವಾಗ

ಮೇಲಿನ ಪಿಎಚ್‌ಪಿ ಉದಾಹರಣೆಗೆ ವಾಪಸ್ ಹೋದರೆ, ‘ಪಿಎಂ.ಮ್ಯಾಕ್ಸ್_ಚಿಲ್ಡ್ರನ್’ (ಪಿಎಚ್‌ಪಿ ಪ್ರೋಸೆಸ್‌ಗಳ ಗರಿಷ್ಠ ಸಂಖ್ಯೆ) ಎಷ್ಟಿರಬೇಕು ಎಂಬುದಕ್ಕೂ ಲೆಕ್ಕವೇ ಉತ್ತರ. ಸಿಗುವ 3,800 ಎಂಬಿಯಲ್ಲಿ ಡೇಟಾಬೇಸ್‌ಗೆ 1,000, ಸಿಸ್ಟಂಗೆ 500, ಕೈಯಲ್ಲಿ 300 ಇಟ್ಟುಕೊಂಡರೆ ಉಳಿಯುವುದು 2,000. ಅರವತ್ತರಿಂದ ಭಾಗಿಸಿದರೆ 33. ನಾನಾದರೆ 30 ಇಡುತ್ತೇನೆ. ಜನ ಜಾಸ್ತಿ ಬಂದಾಗ ಕೆಲವರು ಸರದಿಯಲ್ಲಿ ಒಂದೆರಡು ಸೆಕೆಂಡ್ ಕಾಯುತ್ತಾರೆ. ಡೇಟಾಬೇಸ್ ಸತ್ತು ಎಲ್ಲರಿಗೂ ಎರರ್ ಬರುವುದಕ್ಕಿಂತ ಅದು ಎಷ್ಟೋ ಮೇಲು.

ಯಾವ ಸರ್ವಿಸ್ ಮೇಲೆ ಅನುಮಾನ ಇದೆಯೋ ಅದರ ಸಿಸ್ಟಂಡಿ (ಸರ್ವಿಸ್‌ಗಳನ್ನು ನಡೆಸುವ ವ್ಯವಸ್ಥೆ) ಫೈಲ್‌ನಲ್ಲಿ ‘ಮೆಮೊರಿಮ್ಯಾಕ್ಸ್’ ಹಾಕಿ. ಆಗ ಅತಿ ಮಾಡಿದವರು ಮಾತ್ರ ಸಾಯುತ್ತಾರೆ, ಪಕ್ಕದವರಲ್ಲ. ಸ್ವಲ್ಪ ಸ್ವಾಪ್ ಇಟ್ಟುಕೊಳ್ಳುವುದು ಒಳ್ಳೆಯದು, ಎಂದೂ ಮುಟ್ಟದ ಪೇಜ್‌ಗಳು ಹೋಗಿ ಕೂರಲು. ಆದರೆ ಕೊರತೆಯನ್ನು ಸ್ವಾಪ್‌ನಿಂದ ತುಂಬಲು ಹೋಗಬೇಡಿ.

ಮಾಡಬಾರದ್ದೂ ಇದೆ. ಕ್ಯಾಶನ್ನು ಬಲವಂತವಾಗಿ ಖಾಲಿ ಮಾಡುವ ‘ಡ್ರಾಪ್_ಕ್ಯಾಶಸ್’ ಅನ್ನು ಕ್ರಾನ್‌ನಲ್ಲಿ ಹಾಕುವುದು ಸುಮ್ನೆ ಡಿಸ್ಕ್‌ಗೆ ಕೆಲಸ ಕೊಡುವುದು. ಮೆಮೊರಿ ಬೇಕಾದಾಗ ಕರ್ನಲ್ ತಾನೇ ಕ್ಯಾಶ್ ಬಿಡುತ್ತದೆ. ‘ಫ್ರೀ’ ಅಂಕಣ ಕಡಿಮೆ ಎಂದು ಗಾಬರಿಯಾಗುವವರು ‘ಅವೈಲಬಲ್’ ಅಂಕಣ ನೋಡಬೇಕು. ಡೇಟಾಬೇಸ್ ಉಳಿಸಲು ಅದರ ‘ಓಓಎಂ_ಸ್ಕೋರ್_ಎಡಿಜೆ’ (ಓಓಎಂ ಅಂಕವನ್ನು ಹೆಚ್ಚು ಕಡಿಮೆ ಮಾಡುವ ಸೆಟ್ಟಿಂಗ್) ಅನ್ನು -1000 ಮಾಡಬೇಡಿ. ಅದು ಸಾಯುವುದಿಲ್ಲ ನಿಜ, ಆದರೆ ಮೆಮೊರಿ ತಿನ್ನುವವನೇ ಅವನಾದ ದಿನ ಉಳಿದವರೆಲ್ಲ ಒಬ್ಬೊಬ್ಬರಾಗಿ ಸಾಯುತ್ತಾರೆ, ಕೊನೆಗೆ ಕೊಲ್ಲಲು ಯಾರೂ ಉಳಿಯದೆ ಕರ್ನಲ್ ಪ್ಯಾನಿಕ್ ಆಗುತ್ತದೆ. ಒಂದೊಂದು ಅಂಕವೂ ಒಟ್ಟು ಮೆಮೊರಿಯ ಸಾವಿರದ ಒಂದು ಭಾಗಕ್ಕೆ ಸಮ. -300 ಸಾಕಷ್ಟು ದೊಡ್ಡ ರಿಯಾಯಿತಿ. ‘ಓವರ್‌ಕಮಿಟ್_ಮೆಮೊರಿ’ 2 ಮಾಡಿ ಓವರ್‌ಕಮಿಟ್ ನಿಲ್ಲಿಸುವುದಾದರೆ ಪರೀಕ್ಷಾ ಮೆಷಿನ್‌ನಲ್ಲಿ ಮೊದಲು ನೋಡಿ. ಡೀಫಾಲ್ಟ್ ಲೆಕ್ಕದಲ್ಲಿ ಆಗ ಸಿಗುವುದು ಸ್ವಾಪ್ ಜೊತೆ ಅರ್ಧ ರ‍್ಯಾಮ್ ಮಾತ್ರ, ಮೆಮೊರಿ ಖಾಲಿ ಇದ್ದೂ ಪ್ರೋಗ್ರಾಂಗಳು ಶುರುವಾಗದೇ ಹೋಗುತ್ತವೆ.

ಬದಲಾವಣೆ ಒಂದೊಂದೇ ಮಾಡಿ. ಮೊದಲು ಎಷ್ಟು ದಿನಕ್ಕೊಮ್ಮೆ ಬೀಳುತ್ತಿತ್ತೋ ಅದರ ಎರಡು ಪಟ್ಟು ದಿನವಾದರೂ ದಾಖಲೆ ಮುಂದುವರಿಸಿ. ತಿಂಗಳ ಕೊನೆಯ ರಿಪೋರ್ಟ್‌ನಿಂದ ಬೀಳುತ್ತಿದ್ದ ಸರ್ವರ್ ಒಂದು ವಾರ ನಿಂತರೆ ಏನೂ ಸಾಬೀತಾಗಲಿಲ್ಲ. ಆ ರಿಪೋರ್ಟ್ ಓಡುತ್ತಿರುವಾಗಲೇ ‘/ಪ್ರೊಕ್/ಪ್ರೆಷರ್/ಮೆಮೊರಿ’ ನೋಡಿ, ಅದರ ‘ಫುಲ್’ ಸಾಲು ಅಲುಗದಿದ್ದರೆ ಆ ಕೇಸ್ ಮುಚ್ಚಬಹುದು.